ಚಿಕ್ಕ ಟೆಲಿವಿಷನ್ನಿನ ಗುಣಪರೀಕ್ಷೆ

ಮಣ್ಣಿನ ಗಡಿಗೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನ ಗೆಣ್ಣಿನಿಂದ ಬಾರಿಸಿ, ಅದರ ನಾದವನ್ನು ಕೇಳಿದ ಮೇಲೆಯೇ ಕಾಸನ್ನು ಬಿಚ್ಚುವಳು. ಅಕ್ಕಿಯನ್ನು ಕೊಳ್ಳುವವರು ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡುವರು. ಚಿನ್ನಕ್ಕೆ ಒರೆಗಲ್ಲುಂಟು, ರೇಷ್ಮೆಗೆ ಒಂದೆಳೆಯನ್ನು ಸುಟ್ಟು ಮೂಸಿ ನೋಡುವ ಉಪಾಯವುಂಟು, ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುವುದನ್ನು ನಮ್ಮ ಮಕ್ಕಳೂ ಬಲ್ಲರು. ಹೀಗೆ ಸಣ್ಣಪುಟ್ಟ ಪದಾರ್ಥಗಳಲ್ಲಿ ಇಷ್ಟು ಜಾಗರೂಕರಾಗಿರುವ ನಾವು, ಹತ್ತು ಹದಿನೈದು ಸಾವಿರ ರೂಪಾಯಿಗಳನ್ನು ಗಂಟುಕಟ್ಟಿಕೊಂಡು ಟೆಲಿವಿಷನ್ ಯಂತ್ರವನ್ನು ಕೊಳ್ಳಹೊರಟಾಗ ಮಾತ್ರ, ಅಂಗಡಿಯವನು ಹೇಳಿದುದೇ ವೇದವಾಕ್ಯವೆಂದು ತಿಳಿದು ಪೆಟ್ಟಿಗೆಯನ್ನು ಹೊರಿಸಿಕೊಂಡು ಬರುವೆವು. ಹಣವಂತರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ಇಂದು ತಂದುದನ್ನು ನಾಳೆ ಬದಲಾಯಿಸಿಯಾರು. ಎಂಟು ಹತ್ತು ವರುಷಗಳಿಗೊಮ್ಮೆ, ಬೇರೆ ಯಾವುದೋ ಅಗತ್ಯವನ್ನು ಮುಂದಕ್ಕೆ ಹಾಕಿ ಇಂಥದೊಂದು ಯಂತ್ರವನ್ನು ತರುವ ಸಂಸಾರಗಳನ್ನೂ, ಹೊರಗೆ ಓಡಾಡಲಾರದೆ ದಿನದ ಬಹುಭಾಗವನ್ನು ಅದರ ಮುಂದೆಯೇ ಕಳೆಯಬೇಕಾದ ವೃದ್ಧರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ದೇಶದಲ್ಲಿ ಟೆಲಿವಿಷನ್ನಿನ ಪ್ರಸಾರವು ೧೯೫೯ನೆಯ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಆರಂಭವಾಯಿತು. ೧೯೮೨ರಲ್ಲಿ ಅದಕ್ಕೆ ಬಣ್ಣ ಬಂದಿತು. ಆ ಕಾಲದ ಯಂತ್ರಗಳು ಗಾಜಿನ ದೊಡ್ಡ ಕೊಳವೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಭಾರವಾದ ಪೆಟ್ಟಿಗೆಗಳು. ಇಂದಿನ ಚಪ್ಪಟೆ ಯಂತ್ರದ ಒಳಗಿನ ಸಂಗತಿಯೇ ಬೇರೆ. ಅದರ ತೆರೆಯಲ್ಲಿರುವ ದ್ರವಸ್ಫಟಿಕವೆಂಬ ಪದಾರ್ಥವು ತಾನಾಗಿ ಬೆಳಗತಕ್ಕುದಲ್ಲ. ಅದು ಲಕ್ಷಾಂತರ ಸಣ್ಣ ಕಿಟಕಿಗಳ ಬಾಗಿಲಿನಂತೆ ತೆರೆಯುತ್ತಲೂ ಮುಚ್ಚುತ್ತಲೂ ಇದ್ದು, ಹಿಂದೆ ಉರಿಯುವ ದೀಪದ ಬೆಳಕನ್ನು ಬೇಕಾದಷ್ಟು ಮುಂದಕ್ಕೆ ಬಿಡುತ್ತದೆ. 'ಎಲ್‌ಇಡಿ ಟೀವಿ' ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಹೆಸರು ಆ ಹಿಂದಿನ ದೀಪದ ಹೆಸರೇ ಹೊರತು ಚಿತ್ರದ್ದಲ್ಲ. ಆದುದರಿಂದ ಇಂಥ ಯಂತ್ರದ ಗುಣವೆಂದರೆ ಎರಡು ವಸ್ತುಗಳ ಗುಣ: ಒಂದು ಕಿಟಕಿ, ಇನ್ನೊಂದು ದೀಪ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಪರೀಕ್ಷೆಗಳೆಲ್ಲ ಸುಲಭವಾಗಿ ತಿಳಿಯುವುವು.

ಮೊದಲು ಅಂಗಡಿಯ ವಿಷಯ. ಅಲ್ಲಿ ಗೋಡೆಯ ತುಂಬ ಇಪ್ಪತ್ತು ಮೂವತ್ತು ತೆರೆಗಳು ಒಟ್ಟಿಗೆ ಹೊಳೆಯುತ್ತಿರುವುವು. ಮನುಷ್ಯನ ಕಣ್ಣು ಅವುಗಳಲ್ಲಿ ಅತ್ಯಂತ ಪ್ರಖರವಾದುದರ ಕಡೆಗೇ ಹೋಗುವುದು ಸ್ವಭಾವ. ಈ ಸ್ವಭಾವವನ್ನು ಬಲ್ಲ ತಯಾರಕರು ಪ್ರತಿಯೊಂದು ಯಂತ್ರದಲ್ಲಿಯೂ ಅಂಗಡಿಗೆಂದೇ ಒಂದು ಏರ್ಪಾಡನ್ನು ಇಟ್ಟಿರುವರು. ಅದಕ್ಕೆ 'ವಿವಿಡ್' ಎಂದೋ 'ಡೈನಮಿಕ್' ಎಂದೋ 'ಸ್ಟೋರ್ ಮೋಡ್' ಎಂದೋ ಹೆಸರು. ಅದರಲ್ಲಿ ಬೆಳಕು ತುತ್ತತುದಿಯಲ್ಲಿರುವುದು, ಹುಲ್ಲು ಗಿಳಿಹಸುರಾಗುವುದು, ಕೆಂಪು ಕುಂಕುಮದ ರಾಶಿಯಾಗುವುದು, ಬಿಳುಪಿಗೆ ನೀಲಿಯ ಛಾಯೆ ಬರುವುದು. ಅಗಸರು ಪಂಚೆಗೆ ನೀಲಿ ಹಾಕುವ ಉಪಾಯವೇ ಇದು. ಇದನ್ನು ನೋಡಿ ಮನಸೋತವರು ಮನೆಯಲ್ಲಿ ಅದೇ ಯಂತ್ರವನ್ನು ಹಚ್ಚಿದಾಗ ಕಣ್ಣುರಿಯೆಂದು ಗೊಣಗುವುದುಂಟು. ಆದಕಾರಣ ಅಂಗಡಿಯಲ್ಲಿ ಮಾಡಬೇಕಾದ ಮೊದಲನೆಯ ಕೆಲಸವೆಂದರೆ, ದೂರನಿಯಂತ್ರಕವನ್ನು ಕೈಗೆ ಕೇಳಿ ಪಡೆದು, ಚಿತ್ರದ ಏರ್ಪಾಡನ್ನು 'ಸ್ಟ್ಯಾಂಡರ್ಡ್' ಅಥವಾ 'ಸಿನಿಮಾ' ಎಂಬಲ್ಲಿಗೆ ತರಿಸುವುದು. ಇದಕ್ಕೆ ಒಪ್ಪದ ವರ್ತಕನ ಅಂಗಡಿಯಿಂದ ಮರ್ಯಾದೆಯಾಗಿ ಇಳಿದು ಬರುವುದೇ ಲೇಸು. ಬೀದಿಯಲ್ಲಿ ಬೇರೆ ಅಂಗಡಿಗಳಿವೆ.

ಇನ್ನು ಗಾತ್ರ. ೩೨ ಅಂಗುಲವೆಂದರೆ ತೆರೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದುದು. ಪೆಟ್ಟಿಗೆಯ ಮೇಲೆ ೮೦ ಸೆಂಟಿಮೀಟರ್ ಎಂದಿದ್ದರೆ ಅದು ವಾಸ್ತವವಾಗಿ ಮೂವತ್ತೊಂದೂವರೆ ಅಂಗುಲ. ಈ ಅರ್ಧ ಅಂಗುಲಕ್ಕಾಗಿ ಜಗಳವಾಡಬೇಕಾದುದಿಲ್ಲ. ತೆರೆಯ ಅಗಲ ಸುಮಾರು ೭೦ ಸೆಂಟಿಮೀಟರ್, ಎತ್ತರ ಸುಮಾರು ೩೯. ಈ ಅಳತೆಯಲ್ಲಿ ಮಾರಾಟವಾಗುವ ಯಂತ್ರಗಳಲ್ಲಿ ಹೆಚ್ಚಿನವು 'ಎಚ್‌ಡಿ ರೆಡಿ' ಎಂಬ ಜಾತಿಯವು; ಅಡ್ಡಕ್ಕೆ ೧೩೬೬, ಉದ್ದಕ್ಕೆ ೭೬೮ ಚುಕ್ಕೆಗಳು, ಎಂದರೆ ಒಟ್ಟು ಹತ್ತು ಲಕ್ಷಕ್ಕಿಂತ ತುಸು ಹೆಚ್ಚು. 'ಫುಲ್ ಎಚ್‌ಡಿ' ಎಂಬುದರಲ್ಲಿ ೧೯೨೦ಕ್ಕೆ ೧೦೮೦, ಎಂದರೆ ಇಪ್ಪತ್ತು ಲಕ್ಷವನ್ನು ಮೀರಿ. ಎರಡನೆಯದಕ್ಕೆ ಬೆಲೆ ಹೆಚ್ಚು. ಆ ಹೆಚ್ಚಿನ ಹಣಕ್ಕೆ ತಕ್ಕ ಫಲವುಂಟೇ?

ಇದಕ್ಕೆ ಉತ್ತರವು ಕುರ್ಚಿಯ ಜಾಗದಲ್ಲಿದೆ. ಒಳ್ಳೆಯ ದೃಷ್ಟಿಯುಳ್ಳವನ ಕಣ್ಣು ಒಂದು ಅಂಶದ ಅರುವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲುದು. ೧೩೬೬ ಚುಕ್ಕೆಗಳ ತೆರೆಯಲ್ಲಿ ಒಂದೊಂದು ಚುಕ್ಕೆಯೂ ಅರ್ಧ ಮಿಲಿಮೀಟರಿನಷ್ಟು. ಈ ಚುಕ್ಕೆಯು ಸುಮಾರು ಆರಡಿಯ ಆಚೆಯಿಂದ ಕಣ್ಣಿಗೆ ಬಿಡಿಬಿಡಿಯಾಗಿ ಕಾಣಲಾರದು. ಆದುದರಿಂದ ಎಂಟಡಿ ದೂರದ ದಿವಾನದ ಮೇಲೆ ಕುಳಿತು ನೋಡುವ ಮನೆಯಲ್ಲಿ ಫುಲ್ ಎಚ್‌ಡಿಗೆ ಕೊಡುವ ಅಧಿಕ ಹಣವು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಹಾಗಲ್ಲದೆ ಚಿಕ್ಕ ಕೋಣೆಯಲ್ಲಿ ಮಂಚದ ಕಾಲಬುಡದಲ್ಲಿಯೇ ಯಂತ್ರವನ್ನಿಡುವವರು, ಅಥವಾ ಮಕ್ಕಳು ಅದಕ್ಕೆ ಗಣಕವನ್ನು ಜೋಡಿಸಿ ಅಕ್ಷರಗಳನ್ನು ಓದುವ ಮನೆಯವರು, ಆ ಹಣವನ್ನು ಕೊಡುವುದು ಯುಕ್ತ.

ಇಲ್ಲಿ ಇನ್ನೊಂದು ಸೋಜಿಗವನ್ನು ಹೇಳದೆ ಬಿಡಲಾರೆವು. ಈ ೧೩೬೬ಕ್ಕೆ ೭೬೮ ಎಂಬ ಲೆಕ್ಕದಲ್ಲಿ ಪ್ರಸಾರ ಮಾಡುವ ವಾಹಿನಿಯು ಒಂದೂ ಇಲ್ಲ. ನಮ್ಮಲ್ಲಿ ಸಾಮಾನ್ಯ ವಾಹಿನಿಗಳ ಚಿತ್ರ ೭೨೦ಕ್ಕೆ ೫೭೬ ಚುಕ್ಕೆಗಳದು. ಎಚ್‌ಡಿ ವಾಹಿನಿಗಳದು ಬಹುಮಟ್ಟಿಗೆ ೧೯೨೦ಕ್ಕೆ ೧೦೮೦ರದು. ಹೀಗಿರುವಲ್ಲಿ ಈ ಯಂತ್ರವು ಬಂದ ಚಿತ್ರವನ್ನೆಲ್ಲ ಒಂದೋ ಹಿಗ್ಗಿಸಬೇಕು, ಇಲ್ಲವೆ ಕುಗ್ಗಿಸಬೇಕು. ಇದ್ದಂತೆ ತೋರಿಸುವುದೆಂಬುದು ಇಲ್ಲವೇ ಇಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ಹಿಡಿದು ಬಿಟ್ಟು ಸರಿಮಾಡುವ ದರ್ಜಿಯ ಕೆಲಸವಿದು. ದರ್ಜಿ ಒಳ್ಳೆಯವನಾದರೆ ಹೊಲಿಗೆ ಕಾಣದು. ಅಗ್ಗದ ಯಂತ್ರಗಳಲ್ಲಿ ಅದು ಎದ್ದು ಕಾಣುವುದು. ಅಂಗಡಿಯವರು ತೋರಿಸುವ ನವಿಲು, ಜಲಪಾತ, ಹೂವಿನ ತೋಟಗಳ ಚಿತ್ರವು ಈ ದೋಷವನ್ನು ಎಂದಿಗೂ ಹೊರಗೆಡಹದು. ಆದಕಾರಣ ನಿಮ್ಮ ಮನೆಯಲ್ಲಿ ಪ್ರತಿದಿನ ಯಾವ ವಾಹಿನಿಯನ್ನು ನೋಡುವಿರೋ, ಅದನ್ನೇ, ಅದು ಸಾಮಾನ್ಯ ವಾಹಿನಿಯಾಗಿದ್ದರೆ ಸಾಮಾನ್ಯ ರೂಪದಲ್ಲಿಯೇ, ಹಾಕಿಸಿ ನೋಡತಕ್ಕುದು.

ಹಾಗೆ ನೋಡುವಾಗ ಕನ್ನಡ ಬಲ್ಲವರಿಗೆ ಒಂದು ಅನುಕೂಲವುಂಟು. ವಾರ್ತಾವಾಹಿನಿಗಳಲ್ಲಿ ತೆರೆಯ ಕೆಳಗೆ ಸುದ್ದಿಯ ಸಾಲು ಬಲದಿಂದ ಎಡಕ್ಕೆ ಹರಿಯುತ್ತಿರುವುದಷ್ಟೆ. ನಮ್ಮ ಲಿಪಿಯಲ್ಲಿ ಅಕ್ಷರದ ಅಡಿಯಲ್ಲಿ ಒತ್ತಕ್ಷರವು ಚಿಕ್ಕದಾಗಿ ಅಂಟಿಕೊಂಡಿರುವುದರಿಂದ, ಈ ಸಾಲು ಯಾವ ಪರೀಕ್ಷಕನ ಉಪಕರಣಕ್ಕೂ ಕಡಿಮೆಯಲ್ಲ. ಹರಿಯುತ್ತಿರುವಾಗಲೇ 'ರಾಜ್ಯ', 'ಸ್ಪರ್ಧೆ', 'ಜಿಲ್ಲೆ' ಎಂಬ ಮಾತುಗಳ ಒತ್ತುಗಳನ್ನು ತಡೆಯಿಲ್ಲದೆ ಓದಲು ಬರುವುದಾದರೆ ಆ ತೆರೆಯ ಚುರುಕು ನಮ್ಮ ಕೆಲಸಕ್ಕೆ ಸಾಕು. ಒತ್ತುಗಳು ಕಲಸಿಹೋಗಿ ಅಕ್ಷರಗಳ ಹಿಂದೆ ಬಾಲದಂತೆ ನೆರಳು ಹರಿದರೆ ಸಾಲದು. ಸಾಲು ಜಾರದೆ ಕುಂಟುತ್ತ ಕುಂಟುತ್ತ ಸಾಗಿದರೆ ಒಳಗಿನ ಸಂಸ್ಕರಣವು ದುರ್ಬಲವೆಂದು ತಿಳಿಯಬೇಕು. ಕೆಲವು ಯಂತ್ರಗಳು ಚಿತ್ರದ ನಾಲ್ಕು ಅಂಚುಗಳನ್ನೂ ತುಸು ಕತ್ತರಿಸಿ ತೋರಿಸುವುವು. ಆಗ ಕೆಳಗಿನ ಒತ್ತುಗಳು ಮಾಯವಾಗಿ 'ಹಳ್ಳಿ'ಯು 'ಹಳಿ'ಯಾಗುವುದು. ಇದು ಯಂತ್ರದ ದೋಷವಲ್ಲ. ಚಿತ್ರದ ಅಳತೆಯ ಏರ್ಪಾಡಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂಬುದನ್ನು ಆರಿಸಿದರೆ ಒತ್ತುಗಳು ಮರಳಿ ಬರುವುವು.

ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಕಣ್ಣಿನ ಪೊರೆಯನ್ನು ತೆಗೆಸಿಕೊಂಡ ಮೇಲೆ, ಮಗನು ಕಾಣಿಕೆಯಾಗಿ ತಂದ ಹೊಸ ಟೀವಿಯಲ್ಲಿ ವಾರ್ತೆಯನ್ನು ನೋಡತೊಡಗಿದರು. ಪ್ರತಿಯೊಂದು ಅಕ್ಷರದ ಸುತ್ತಲೂ ಅವರಿಗೆ ಬಿಳಿಯ ಗೆರೆಯೊಂದು ಕಾಣಿಸುತ್ತಿತ್ತು. ವಾರ್ತೆ ಓದುವವಳ ಭುಜದ ಸುತ್ತಲೂ ಅಂಥದೇ ಪ್ರಭಾವಳಿ. ಶಸ್ತ್ರಚಿಕಿತ್ಸೆ ಕೆಟ್ಟಿತೆಂದೇ ಅವರು ನಿಶ್ಚಯಿಸಿದರು. ಮಗನಿಗೆ ಹೇಳಿದರೆ ಅವನು ಮತ್ತೆ ಸಾಲ ಮಾಡಿಯಾನೆಂದು ತಿಂಗಳುಗಟ್ಟಲೆ ಯಾರೊಡನೆಯೂ ಹೇಳದೆ ಒಳಗೊಳಗೇ ಕೊರಗಿದರು. ಕೊನೆಗೆ ವೈದ್ಯರು ಪರೀಕ್ಷಿಸಿ ಕಣ್ಣಿನಲ್ಲಿ ಲೋಪವೇನೂ ಇಲ್ಲವೆಂದರು; ಪುಸ್ತಕದ ಅಕ್ಷರಗಳು ನೆಟ್ಟಗೆ ಕಾಣುತ್ತಿದ್ದುದೂ ನಿಜ. ಹಾಗಾದರೆ ಈ ಗೆರೆ ಎಲ್ಲಿಂದ ಬಂದಿತು? ಅದು ಟೀವಿಯೇ ಬರೆದ ಗೆರೆ. 'ಶಾರ್ಪ್‌ನೆಸ್' ಎಂಬ ಏರ್ಪಾಡನ್ನು ಮೇಲಕ್ಕೇರಿಸಿದರೆ ಯಂತ್ರವು ಚಿತ್ರವನ್ನು ಸ್ಪಷ್ಟಪಡಿಸುವುದಿಲ್ಲ. ಅಂಚುಗಳಿಗೆಲ್ಲ ಬಿಳಿಗೆರೆ ಎಳೆದು ಸ್ಪಷ್ಟವಾದಂತೆ ನಟಿಸುವುದು. ಅವರ ಮೊಮ್ಮಗಳು ಅದನ್ನು ಇಳಿಸುತ್ತ ಬಂದು, ಗೆರೆಗಳು ಅಡಗಿದಲ್ಲಿ ನಿಲ್ಲಿಸಿದಳು. ಆ ಸಂಜೆಯ ವಾರ್ತೆಯನ್ನು ಮೇಷ್ಟರು ಕನ್ನಡಕವನ್ನು ಒರೆಸದೆಯೇ ನೋಡಿದರಂತೆ. ನಾವು ಕಂಡಂತೆ ಹೊಸ ಯಂತ್ರಗಳಲ್ಲಿ ಈ ಏರ್ಪಾಡು ಅವಶ್ಯಕತೆಗಿಂತ ಹೆಚ್ಚಾಗಿಯೇ ಇರುವುದುಂಟು. ಆದುದರಿಂದ ಮನೆಗೆ ತಂದ ದಿನವೇ ಇದನ್ನು ಸರಿಪಡಿಸತಕ್ಕುದು.

ಮುಂದಿನ ಪರೀಕ್ಷೆಗೆ ಕಾಲುಗಳು ಬೇಕು. ಅಂಗಡಿಯವರು ಗಿರಾಕಿಯನ್ನು ತೆರೆಗೆ ನೇರವಾಗಿ ನಿಲ್ಲಿಸುವರು. ಮನೆಯಲ್ಲಿ ಹಾಗೆ ನಡೆಯುವುದುಂಟೇ? ಯಜಮಾನರು ನಡುವೆ ಕುಳಿತರೆ ಅಜ್ಜಿ ಗೋಡೆಗೊರಗಿ ಪಕ್ಕದಲ್ಲಿರುವಳು, ಮಕ್ಕಳು ಚಾಪೆಯ ಮೇಲೆ ಬಿದ್ದುಕೊಂಡಿರುವರು, ಗೃಹಿಣಿಯು ಅಡುಗೆಯ ಮನೆಯ ಬಾಗಿಲಲ್ಲಿ ನಿಂತು ಓರೆಯಾಗಿ ನೋಡುವಳು. ಆದುದರಿಂದ ಅಂಗಡಿಯಲ್ಲಿಯೂ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಸರಿದು ನೋಡಬೇಕು. ನಾಚಿಕೆಪಡದೆ ಒಮ್ಮೆ ಕುಕ್ಕುರುಗಾಲಿನಲ್ಲಿ ಕುಳಿತೂ ನೋಡಬೇಕು. ಕಿಟಕಿಯ ಜಾತಿಯು ಆಗ ಬಯಲಾಗುವುದು. 'ಐಪಿಎಸ್' ಎಂಬ ಜಾತಿಯ ಪ್ಯಾನೆಲ್ಲಿನಲ್ಲಿ ಬಣ್ಣವು ಓರೆಯಿಂದಲೂ ಬಹಳ ಮಟ್ಟಿಗೆ ಹಾಗೆಯೇ ನಿಲ್ಲುವುದು. ಆದರೆ ಅದರ ಕಪ್ಪು ಪೂರ್ತಿ ಕಪ್ಪಲ್ಲ, ಕತ್ತಲೆಯ ಕೋಣೆಯಲ್ಲಿ ಬೂದಿಯ ಬಣ್ಣಕ್ಕೆ ತಿರುಗುವುದು. 'ವಿಎ' ಎಂಬುದರಲ್ಲಿ ಕಪ್ಪು ಗಾಢವಾಗಿರುವುದು, ಬಿಳಿಗೂ ಕಪ್ಪಿಗೂ ಇರುವ ಅಂತರವು ಐಪಿಎಸ್ಸಿನ ಸುಮಾರು ಮೂರರಷ್ಟಿರುವುದು. ಆದರೆ ಪಕ್ಕಕ್ಕೆ ಸರಿದೊಡನೆ ಬಣ್ಣವು ತೊಳೆದ ಸೀರೆಯಂತೆ ಮಂಕಾಗುವುದು. ಇವೆರಡರಲ್ಲಿ ಯಾವುದು ಮೇಲೆಂದು ಕೇಳಿದರೆ, ದೀಪವಾರಿಸಿ ಒಬ್ಬಿಬ್ಬರೇ ಸಿನಿಮಾ ನೋಡುವ ಮನೆಗೆ ವಿಎ ಎನ್ನುವೆವು. ಟ್ಯೂಬ್‌ಲೈಟು ಉರಿಯುತ್ತಿರುವಾಗ ಹತ್ತು ಮಂದಿ ಸುತ್ತ ಕುಳಿತು ನೋಡುವ ಮನೆಗೆ ಐಪಿಎಸ್ಸೇ ಸರಿ. ತಯಾರಕರು ಈ ಜಾತಿಯನ್ನು ಪೆಟ್ಟಿಗೆಯ ಮೇಲೆ ಹಲವು ವೇಳೆ ಅಚ್ಚುಮಾಡುವುದೇ ಇಲ್ಲ. ಒಂದೇ ಮಾದರಿಯ ಸಂಖ್ಯೆಯುಳ್ಳ ಯಂತ್ರಗಳಲ್ಲಿಯೂ ಒಂದು ಸಲದ ತಯಾರಿಕೆಯಲ್ಲಿ ಒಂದು ಜಾತಿ, ಇನ್ನೊಂದು ಸಲ ಇನ್ನೊಂದು ಜಾತಿ ಬರುವುದುಂಟು. ಆದಕಾರಣ ನೆರೆಮನೆಯವರ ಟೀವಿಯನ್ನು ಹೊಗಳಿ ಅದನ್ನೇ ತಂದೆವೆಂಬುದು ಸಾಲದು. ತರುವ ಯಂತ್ರವನ್ನೇ ಹಚ್ಚಿಸಿ ನೋಡಬೇಕು.

ಮನೆಯಲ್ಲಿ ಓದುವ ಹುಡುಗರಿದ್ದರೆ ಅವರಿಂದ ಒಂದು ಪೆನ್‌ಡ್ರೈವಿನಲ್ಲಿ ಬಿಳಿ, ಕಪ್ಪು, ಬೂದಿ, ಕೆಂಪು, ಹಸುರು, ನೀಲಿಗಳ ಬರಿಯ ಪುಟಗಳನ್ನು ಹಾಕಿಸಿಟ್ಟುಕೊಳ್ಳಿರಿ. ಕಪ್ಪು ಪುಟವನ್ನು ಹಾಕಿದಾಗ ಮೂಲೆಗಳಿಂದ ಬೆಳಕು ಸೋರುವುದು ಕಾಣುವುದು. ಬೂದಿಯ ಪುಟದಲ್ಲಿ ತೆರೆಯ ಕೊಳಕು ಕಲೆಗಳು, ಹಿಂದಿನ ದೀಪಗಳ ಅಸಮತೆ ಕಾಣುವುವು. ಕ್ರಿಕೆಟ್ ಆಟದಲ್ಲಿ ಮೈದಾನವು ಸರಿಯುವಾಗ ಮಸಿಯ ಪಟ್ಟೆಗಳಂತೆ ತೋರಿ ತೊಂದರೆ ಕೊಡುವುವು ಇವೇ. ಬಣ್ಣದ ಪುಟಗಳಲ್ಲಿ ಸತ್ತುಹೋದ ಚುಕ್ಕೆಗಳು ಬೇರೆಯಾಗಿ ನಿಲ್ಲುವುವು. ಒಂದೆರಡು ಚುಕ್ಕೆಗಳಿಗಾಗಿ ತಯಾರಕರು ಸಾಮಾನ್ಯವಾಗಿ ಯಂತ್ರವನ್ನು ಹಿಂತೆಗೆದುಕೊಳ್ಳರು. ಹಣ ಕೊಡುವ ಮುಂಚೆಯೇ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಅದೇ ಪೆನ್‌ಡ್ರೈವಿನಲ್ಲಿ ಮನೆಯ ಮದುವೆಯ ನಾಲ್ಕು ಚಿತ್ರಗಳೂ ಇರಲಿ. ಅತ್ತಿಗೆಯ ಮೈಬಣ್ಣ ಯಾವುದು, ಮಗಳ ಧಾರೆಯ ಸೀರೆ ಅರಗಿನ ಕೆಂಪೋ ದಾಳಿಂಬೆಯ ಕೆಂಪೋ ಎಂಬುದು ಮನೆಯವರಿಗೆ ಬಾಯಿಪಾಠ. ಕಾಣದ ದೇಶದ ನವಿಲಿನ ಬಣ್ಣ ಸರಿಯೋ ತಪ್ಪೋ ಎಂದು ಯಾರು ಹೇಳಬಲ್ಲರು?

ಕಣ್ಣುನೋವು, ತಲೆನೋವುಗಳುಳ್ಳವರು ಇನ್ನೊಂದನ್ನು ಮಾಡಬಹುದು. ಬೆಳಕಿನ ಮಟ್ಟವನ್ನು ಅರ್ಧಕ್ಕಿಂತ ಕೆಳಗಿಳಿಸಿ, ಬಿಳಿಯ ತೆರೆಯ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿ ನೋಡಿರಿ. ಒಂದೇ ಮಸುಕು ಕಂಡರೆ ಒಳ್ಳೆಯದು. ಹತ್ತಾರು ಪೆನ್ಸಿಲುಗಳು ಬಿಡಿಬಿಡಿಯಾಗಿ ಕಂಡರೆ, ಹಿಂದಿನ ದೀಪವನ್ನು ಆರಿಸಿ ಹೊತ್ತಿಸಿ ಬೆಳಕನ್ನು ತಗ್ಗಿಸುತ್ತಿರುವರೆಂದು ಅರ್ಥ. ಎಲ್ಲರಿಗೂ ಇದು ಬಾಧಕವಲ್ಲ. ಬಾಧಿಸುವವರಿಗೆ ಬಹಳ ಬಾಧಿಸುವುದು.

ಧ್ವನಿಯನ್ನು ಯಾರೂ ಅಂಗಡಿಯಲ್ಲಿ ಕೇಳುವುದಿಲ್ಲ. ಕೇಳಿದರೂ ಡೊಳ್ಳು ತಮಟೆಗಳ ಹಾಡನ್ನು ಕೇಳಿ ತಲೆದೂಗುವರು. ಚಪ್ಪಟೆಯಾದ ಈ ಪೆಟ್ಟಿಗೆಯಲ್ಲಿ ದೊಡ್ಡ ಧ್ವನಿವರ್ಧಕಕ್ಕೆ ಸ್ಥಳವೇ ಇಲ್ಲ. ಇರುವ ಚಿಕ್ಕವೂ ಬಹುಮಟ್ಟಿಗೆ ನೆಲವನ್ನು ನೋಡುತ್ತಿರುವುವು. ೨೦ ವಾಟ್ ಎಂಬ ಸಂಖ್ಯೆಯು ಗಟ್ಟಿತನವನ್ನು ಹೇಳೀತು, ಸ್ಪಷ್ಟತೆಯನ್ನು ಹೇಳದು. ಮುಪ್ಪಿನಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಸಕಾರ ಶಕಾರಗಳಂಥ ಸಣ್ಣ ಸೀಳುಧ್ವನಿಗಳನ್ನು. ಕೆಟ್ಟ ಧ್ವನಿವರ್ಧಕವು ನುಂಗುವುದೂ ಅವನ್ನೇ. ಆದುದರಿಂದ ವಾರ್ತೆಯನ್ನು ಹಾಕಿಸಿ, ಕಣ್ಣು ಮುಚ್ಚಿ ಕೇಳಿರಿ. 'ಶಿರಸಿ' ಎಂದಾಗ ಶಕಾರವೂ ಸಕಾರವೂ ಬೇರೆಬೇರೆಯಾಗಿ ಕಿವಿಗೆ ಬೀಳಬೇಕು. ಮನೆಯಲ್ಲಿ ತಲೆಯ ಮೇಲೆ ಫ್ಯಾನು ತಿರುಗುತ್ತಿರುವುದನ್ನೂ, ಅಡುಗೆಮನೆಯಲ್ಲಿ ಕುಕ್ಕರು ಕೂಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಹಿರಿಯರಿದ್ದರೆ, ನಮ್ಮ ಅಭಿಪ್ರಾಯದಲ್ಲಿ, ಚುಕ್ಕೆಗಳ ಲೆಕ್ಕಕ್ಕಿಂತ ಇದೇ ಮುಖ್ಯ.

ಪೆಟ್ಟಿಗೆಯ ಮೇಲಿನ ಇತರ ಬಿರುದಾವಳಿಗಳನ್ನು ಕುರಿತು ಹೆಚ್ಚು ಬರೆಯಬೇಕಾದುದಿಲ್ಲ. ಹತ್ತು ಲಕ್ಷಕ್ಕೆ ಒಂದು ಎಂಬ 'ಡೈನಮಿಕ್ ಕಾಂಟ್ರಾಸ್ಟ್' ದೀಪವನ್ನು ಒಮ್ಮೆ ಆರಿಸಿ ಒಮ್ಮೆ ಉರಿಸಿ ಅಳೆದ ಲೆಕ್ಕ. ಒಂದೇ ಚಿತ್ರದಲ್ಲಿ ಅದು ದೊರೆಯದು. 'ಎಚ್‌ಡಿಆರ್' ಎಂದಿದ್ದರೆ, ಅಂಥ ಸಂಕೇತವು ಬಂದರೆ ಯಂತ್ರವು ತಿರಸ್ಕರಿಸುವುದಿಲ್ಲವೆಂದಷ್ಟೇ ತಿಳಿಯಬೇಕು; ಇನ್ನೂರು ಇನ್ನೂರೈವತ್ತು ನಿಟ್ ಬೆಳಕಿನ ಚಿಕ್ಕ ತೆರೆಯು ಅದನ್ನು ಮೆರೆಸಲಾರದು. 'ಸ್ಮಾರ್ಟ್' ಎಂಬುದರಲ್ಲಿ ಮಾತ್ರ ಸ್ವಲ್ಪ ಎಚ್ಚರಿಕೆ ಬೇಕು. ಅಗ್ಗದ ಯಂತ್ರಗಳಲ್ಲಿ ಒಂದು ಗಿಗಾಬೈಟ್ ಸ್ಮೃತಿಯನ್ನಿಟ್ಟಿರುವರು. ಮೊದಲ ವರುಷ ಹೇಗೋ ಓಡಿ, ಆಮೇಲೆ ಗುಂಡಿ ಒತ್ತಿ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾಯಬೇಕಾಗುವುದು. ತೆರೆಯು ಗಟ್ಟಿಯಾಗಿದ್ದರೂ ಒಳಗಿನ ತಂತ್ರಾಂಶವು ಮೊದಲೇ ಮುಪ್ಪಾಗುವುದು: ೨೦೧೯ನೆಯ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಹಳೆಯ ಕೆಲವು ಸ್ಮಾರ್ಟ್ ಟೀವಿಗಳಲ್ಲಿ ತನ್ನ ಸೇವೆಯನ್ನು ನಿಲ್ಲಿಸಿತು. ಹೀಗಾದಾಗ ಯಂತ್ರವನ್ನು ಬಿಸುಡಬೇಕಾದುದಿಲ್ಲ. ಎಚ್‌ಡಿಎಂಐ ರಂಧ್ರಕ್ಕೆ ಸಿಕ್ಕಿಸುವ ಸಣ್ಣ ಕಡ್ಡಿಯೊಂದನ್ನು ಕೊಂಡರೆ ಸಾಕು. ಆದುದರಿಂದ ಅಂಥ ರಂಧ್ರಗಳು ಎರಡಾದರೂ ಇರುವುದನ್ನು ಎಣಿಸಿ ನೋಡಿಕೊಳ್ಳಿರಿ.

ಬೆಲೆಯ ವಿಷಯದಲ್ಲಿ ಒಂದು ಮಾತು. ೨೦೧೯ನೆಯ ಜನವರಿ ೧ರಿಂದ ೩೨ ಅಂಗುಲದವರೆಗಿನ ಟೀವಿಗಳಿಗೆ ಸರಕು ಸೇವಾ ತೆರಿಗೆಯು ನೂರಕ್ಕೆ ೧೮; ಅದಕ್ಕಿಂತ ದೊಡ್ಡವುಗಳಿಗೆ ೨೮ ಇದ್ದಿತು. ೨೦೨೫ನೆಯ ಸೆಪ್ಟೆಂಬರ್ ೨೨ರಿಂದ ದೊಡ್ಡವಕ್ಕೂ ೧೮ ಆಗಿದೆ. ಆದಕಾರಣ 'ಇನ್ನು ನಾಲ್ಕು ಸಾವಿರ ಹಾಕಿದರೆ ದೊಡ್ಡದೇ ಬರುವುದಲ್ಲ ಸ್ವಾಮಿ' ಎಂಬ ಮಾತು ಅಂಗಡಿಯಲ್ಲಿ ಬಂದರೆ ಆಶ್ಚರ್ಯವಿಲ್ಲ. ಹತ್ತಡಿಯ ಕೋಣೆಯುಳ್ಳವರು ಆ ನಾಲ್ಕು ಸಾವಿರವನ್ನು ಒಳ್ಳೆಯ ತೆರೆ, ಒಳ್ಳೆಯ ಧ್ವನಿಗಳಿಗೆ ಹಾಕುವುದು ಮೇಲು. ವಿದ್ಯುತ್ತಿನ ಖರ್ಚು ಅಲ್ಪವೇ: ನಲವತ್ತು ವಾಟಿನ ಯಂತ್ರವನ್ನು ದಿನಕ್ಕೆ ಐದು ಗಂಟೆ ಹಚ್ಚಿದರೆ ತಿಂಗಳಿಗೆ ಆರು ಯೂನಿಟ್ಟು.

ಈಗ ರಿಪೇರಿಯ ವಿಷಯ. ಸಂಸಾರಿಗರು ಹೆಚ್ಚಾಗಿ ನಷ್ಟಪಡುವುದು ಇಲ್ಲಿಯೇ. ಒಂದು ದಿನ ಟೀವಿಯಲ್ಲಿ ಮಾತು ಕೇಳುತ್ತಿರುವುದು, ಚಿತ್ರವಿರದು. ಬಂದ ರಿಪೇರಿಯವನು ಮುಖ ಸಣ್ಣದು ಮಾಡಿ 'ಪ್ಯಾನೆಲ್ ಹೋಗಿದೆ' ಎಂದರೆ, ಅದರ ಬೆಲೆಯು ಹೊಸ ಯಂತ್ರದ ಬೆಲೆಯ ಹತ್ತಿರ ಬರುವುದರಿಂದ ಮನೆಯವರು ಅದನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಡುವರು. ಹಾಗೆ ಮಾಡುವ ಮುನ್ನ ಕೋಣೆಯನ್ನು ಕತ್ತಲು ಮಾಡಿ, ಯಂತ್ರವನ್ನು ಹಚ್ಚಿ, ಟಾರ್ಚಿನ ಬೆಳಕನ್ನು ತೆರೆಗೆ ಹತ್ತಿರದಿಂದ ಓರೆಯಾಗಿ ಬಿಟ್ಟು ನೋಡಿರಿ. ಮಸುಕಾಗಿ ಚಿತ್ರವು ಅಲುಗುವುದು ಕಂಡರೆ ಕಿಟಕಿ ಬದುಕಿದೆ, ದೀಪ ಮಾತ್ರ ಆರಿದೆ. ದೀಪಗಳನ್ನು ದೀಪಾವಳಿಯ ಸರದಂತೆ ಒಂದರ ಹಿಂದೊಂದು ಪೋಣಿಸಿರುವುದರಿಂದ ಒಂದು ಕೆಟ್ಟರೆ ಸರವೇ ಆರುವುದುಂಟು. ದೀಪದ ಪಟ್ಟಿಗಳನ್ನು ಬದಲಾಯಿಸುವುದಕ್ಕೆ ಪ್ಯಾನೆಲ್ಲಿನ ಬೆಲೆಯಲ್ಲಿ ಒಂದು ಅಂಶ ಮಾತ್ರ ತಗಲುವುದು. ಗಾಜು ಬಹು ತೆಳುವಾದುದರಿಂದ ಇದನ್ನು ಕೈ ಪಳಗಿದವನೇ ಬಿಚ್ಚಬೇಕು. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಸಾಹಸ ಬೇಡ. ಈ ದೀಪಗಳು ಬೇಗ ಕೆಡುವುದು ಬಹುಪಾಲು ಶಾಖದಿಂದ. ಬೆಳಕನ್ನು ನೂರರಿಂದ ಅರುವತ್ತಕ್ಕಿಳಿಸಿದರೆ ಕಣ್ಣಿಗೂ ತಂಪು, ದೀಪಕ್ಕೂ ಆಯುಷ್ಯ.

ಯಂತ್ರವನ್ನು ಗೋಡೆಗೆ ಹಾಕಿಸುವಾಗ ದೇವರ ಪಟದ ಎತ್ತರಕ್ಕೆ ಹಾಕಿಸುವ ಪದ್ಧತಿಯೊಂದು ಬೆಳೆದಿದೆ. ನೆಲದ ಮೇಲೆ ಕುಳಿತು ನೋಡುವ ಮನೆಯಲ್ಲಿ ಇದರಿಂದ ಕತ್ತು ನೋಯುವುದಲ್ಲದೆ, ಕೆಳಗಿನಿಂದ ನೋಡುವಾಗ ಬಣ್ಣವೂ ಕೆಡುವುದು. ಕುಳಿತವರ ಕಣ್ಣಿನ ಮಟ್ಟಕ್ಕೆ ತೆರೆಯ ನಡು ಬಂದರೆ ಸರಿ. ಸೆಟ್‌ಟಾಪ್ ಪೆಟ್ಟಿಗೆಯಿಂದ ಕೆಂಪು, ಬಿಳಿ, ಹಳದಿ ಮೂತಿಯ ಹಳೆಯ ತಂತಿಯನ್ನೇ ಜೋಡಿಸಿ ಹೋಗುವ ಕೆಲಸಗಾರರಿದ್ದಾರೆ. ಆ ತಂತಿಯಲ್ಲಿ ಎಚ್‌ಡಿ ಚಿತ್ರವು ಬರಲಾರದು, ಎಚ್‌ಡಿಎಂಐ ತಂತಿಯನ್ನೇ ಹಾಕಿಸಬೇಕು. ತೆರೆಯನ್ನು ಒಣಗಿದ ಮೃದುವಾದ ಬಟ್ಟೆಯಿಂದ ಒರೆಸತಕ್ಕುದು. ಕನ್ನಡಿಗೆ ಹೊಡೆಯುವ ದ್ರವವನ್ನು ಹೊಡೆದರೆ ಅದು ಕೆಳಗಿಳಿದು ಅಂಚಿನ ಒಳಗೆ ಸೇರುವುದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮುಂಗಾರಿನ ಮೊದಲ ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ಗನ್ನು ಕಿತ್ತು ನೆಮ್ಮದಿಯಾಗಿರುವವರುಂಟು. ಸಿಡಿಲು ಮಾಡಿನ ಮೇಲಿನ ಡಿಶ್ಶಿನ ತಂತಿಯಿಂದಲೂ ಇಳಿದು ಬರಬಲ್ಲುದಾದುದರಿಂದ ಆ ತಂತಿಯನ್ನೂ ಪೆಟ್ಟಿಗೆಯಿಂದ ಬಿಚ್ಚಿ ದೂರವಿಡಬೇಕು. ಮೋಡವು ನೆತ್ತಿಯ ಮೇಲೆ ಬಂದ ಬಳಿಕ ತಂತಿಯನ್ನು ಮುಟ್ಟಹೋಗಬಾರದು, ಆಕಾಶ ಕಪ್ಪಾಗುತ್ತಿರುವಾಗಲೇ ಈ ಕೆಲಸವನ್ನು ಮುಗಿಸಿಡಬೇಕು.